ಮೇಲಿನ ಮಹಡಿಗೆ ಚಾ ಕೊಂಡುಹೋದ ಮಾಣಿ

"ಕೊಲ್ಲುವವನ ಕೋಟಿನ ಬಣ್ಣ ಬರೆದಿದ್ದಾರೆ. ಬಂದೂಕಿನ ಒಂದೊಂದು ನಳಿಗೆ, ಒಂದೊಂದು ತಿರುಪು ಬರೆದಿದ್ದಾರೆ. ರೋಮಿನ ಹೋಟೆಲಲ್ಲಿ ಮೇಲಿನ ಮಹಡಿಯಲ್ಲಿ ಮೂರು ಜನ ವಾರಗಟ್ಟಲೆ ಬಾಗಿಲು ಹಾಕ್ಕೊಂಡು ಕೂತಿದ್ದಾರಲ್ಲ, ಅವರಿಗೆ ದಿನಾ ಚಾ ಕೊಂಡುಹೋದ ಮಾಣಿಯ ಕಥೆ ಎಲ್ಲಿ ಮಾರಾಯ್ರೆ?"

ಶೆಟ್ರು ಇಷ್ಟು ಹೇಳಿ ಪುಸ್ತಕವನ್ನು ಟೀಪಾಯಿಯ ಮೇಲೆ ಬೋರಲು ಹಾಕಿದರು. ಫ್ರೆಡರಿಕ್ ಫೋರ್ಸಿತ್ ಬರೆದ 'ದ ಡೇ ಆಫ್ ದ ಜ್ಯಾಕಲ್' ಬಗ್ಗೆ ನಮ್ಮ ಭಾನುವಾರದ ಮಾತು ಶುರುವಾದದ್ದು ಹೀಗೆ. 1971ರ ಪುಸ್ತಕ. ಐವತ್ತು ವರ್ಷ ದಾಟಿದ ಮೇಲೆ ಅದರ ಬಗ್ಗೆ ಹೊಸದಾಗಿ ಹೇಳಲು ಏನಿದೆ ಎಂದು ಕೂತಿದ್ದ ನಾನು ಕಾಫಿ ಲೋಟ ಕೆಳಗಿಟ್ಟೆ.

ನಮ್ಮದು ಐದು ಜನರ ಗುಂಪು. ಸಂಘ ಅನ್ನುವುದಿಲ್ಲ. ಮುಂಬಯಿಯಲ್ಲಿ ಐದು ಜನ ಕನ್ನಡಿಗರು ಸೇರಿದರೆ ಒಂದು ಸಂಘ, ಆರನೆಯವರು ಬಂದರೆ ಎರಡು ಸಂಘ ಎಂದು ನಮ್ಮನ್ನು ನಾವೇ ಆಡಿಕೊಳ್ಳುತ್ತೇವೆ. ಆ ಭಯಕ್ಕೆ ಆರನೆಯವರನ್ನು ಇನ್ನೂ ಕರೆದಿಲ್ಲ. ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಮಾಟುಂಗದಲ್ಲಿ ನನ್ನ ಮನೆಯಲ್ಲಿ ಕೂಡುವುದು. ಹಳೆಯ ಪಗಡಿ ಕಟ್ಟಡ (ಒಮ್ಮೆ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಯಲ್ಲಿ ಇರುವುದು), ಲಿಫ್ಟ್ ಇಲ್ಲ, ಎರಡನೆಯ ಮಹಡಿ. ನಾಟಕ, ಉಪನ್ಯಾಸ, ಶಾಲು, ಹಾರ ಬೇಕೆಂದರೆ 1926ರಿಂದ ಇರುವ ಮೈಸೂರು ಅಸೋಸಿಯೇಷನ್ ನಡೆದುಹೋಗುವಷ್ಟು ಹತ್ತಿರದಲ್ಲೇ ಇದೆ. ನಮ್ಮಲ್ಲಿ ಓದು, ಜಗಳ, ಕಾಫಿ ಅಷ್ಟೆ.

ಹೆಸರು ಹಾಕಬೇಡಿ ಎಂದು ಎಲ್ಲರೂ ಹೇಳಿದ್ದಾರೆ, ಹಾಕುವುದಿಲ್ಲ. ಶೆಟ್ರು ಹನ್ನೆರಡನೆಯ ವಯಸ್ಸಿನಲ್ಲಿ ಉಡುಪಿ ಕಡೆಯಿಂದ ಬಂದು ಫೋರ್ಟಿನಲ್ಲಿ ಗ್ಲಾಸು ತೊಳೆದವರು, ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು, ಆಮೇಲೆ ಸ್ವಂತ ಹೋಟೆಲು ಮಾಡಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಇಂಗ್ಲಿಷನ್ನು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾರೆ. ನಿಧಾನ, ಆದರೆ ಒಂದು ಸಾಲನ್ನೂ ಹಾರಿಸುವುದಿಲ್ಲ. ರಾಯರು ಧಾರವಾಡದವರು, ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವರು. ಮಾಸ್ತರರು ಅಕ್ಕಲಕೋಟೆ ಕಡೆಯವರು, ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಕನ್ನಡದಷ್ಟೇ ಮರಾಠಿಯನ್ನೂ ಓದುತ್ತಾರೆ. ಐದನೆಯವಳು ಡೊಂಬಿವಲಿಯ ಹುಡುಗಿ, ಇಪ್ಪತ್ತಾರು ವರ್ಷ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಒದ್ದಾಡುತ್ತಾಳೆ. ಭಾನುವಾರ ಸೆಂಟ್ರಲ್ ಲೈನಿನಲ್ಲಿ ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದ್ದರೆ ಅರ್ಧ ಚರ್ಚೆ ಮುಗಿದ ಮೇಲೆ ಬರುತ್ತಾಳೆ, ಬಂದವಳೇ ಮೊದಲಿನಿಂದ ಶುರುಮಾಡಿಸುತ್ತಾಳೆ. ನಾನು ಟೆಲಿಫೋನ್ ಆಪರೇಟರ್ ಆಗಿದ್ದವಳು. 1974ರಿಂದ, ಪರವೂರಿನ ಕರೆಗಳನ್ನು ಕೈಯಿಂದ ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಸೆಟ್ ಹಾಕಿ ಕೂತವಳು.

2025ರ ಜೂನಿನಲ್ಲಿ ಫೋರ್ಸಿತ್ ತೀರಿಕೊಂಡ ಸುದ್ದಿ ಓದಿದಾಗ, ಇವನನ್ನೊಮ್ಮೆ ಓದಿಬಿಡೋಣ ಎಂದು ರಾಯರು ಹೇಳಿದ್ದರು. ಅದು ಕೈಗೂಡಲು ಸಮಯ ಹಿಡಿಯಿತು. ನನ್ನ ಪ್ರತಿ ಸಿಕ್ಕಿದ್ದು ಕಿಂಗ್ಸ್ ಸರ್ಕಲಿನ ಫುಟ್‌ಪಾತಿನಲ್ಲಿ, ಹಳೆಯ ಎಂಜಿನಿಯರಿಂಗ್ ಗೈಡುಗಳ ರಾಶಿಯ ಅಡಿಯಲ್ಲಿ. ಪುಟಗಳು ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಹಿಂದಿನ ಓದುಗ ಯಾರೋ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾ ಹೋಗಿದ್ದಾನೆ: ಬಂದೂಕಿನ ಅಳತೆಗೆ ಗೀಟು, ಪಾಸ್‌ಪೋರ್ಟಿನ ಉಪಾಯಕ್ಕೆ ಎರಡು ಗೀಟು. ಅರ್ಧ ಪುಸ್ತಕ ದಾಟಿದ ಮೇಲೆ ಒಂದೂ ಗೀಟಿಲ್ಲ. ಬೇಸರ ಬಂದು ಬಿಟ್ಟನೋ, ಪೆನ್ಸಿಲು ಹಿಡಿಯಲೂ ಪುರುಸೊತ್ತಿಲ್ಲದಷ್ಟು ಮುಳುಗಿದನೋ! ನನ್ನ ಅಂದಾಜು ಎರಡನೆಯದು. ಒಂದು ಥ್ರಿಲ್ಲರಿಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಅಲ್ಜೀರಿಯಾವನ್ನು ಬಿಟ್ಟುಕೊಟ್ಟ ಸಿಟ್ಟಿಗೆ ಫ್ರಾನ್ಸಿನ ಓಎಎಸ್ ಎಂಬ ಗುಪ್ತ ಸಂಘಟನೆ ಅಧ್ಯಕ್ಷ ದ ಗಾಲ್‌ನನ್ನು ಕೊಲ್ಲಲು ಹವಣಿಸುತ್ತದೆ. ಇದು ಇತಿಹಾಸವೇ. 1962ರ ಆಗಸ್ಟ್ 22ರಂದು ಪ್ಯಾರಿಸಿನ ಹೊರವಲಯದ ಪೆತಿ ಕ್ಲಾಮಾರಿನಲ್ಲಿ ಅವನ ಕಾರಿನ ಮೇಲೆ ಗುಂಡಿನ ಮಳೆಯೇ ಸುರಿದಿತ್ತು. ಟಯರು ಒಡೆದರೂ ಕಾರು ನಿಲ್ಲಲಿಲ್ಲ, ಗಂಡ ಹೆಂಡತಿ ಇಬ್ಬರಿಗೂ ಗಾಯವಾಗಲಿಲ್ಲ. ಸಂಚು ನಡೆಸಿದ ಬಾಸ್ತಿಯಾಂ ತಿರಿಯನ್ನು 1963ರ ಮಾರ್ಚಿನಲ್ಲಿ ಗುಂಡಿಟ್ಟು ಕೊಂದರು. ಫೋರ್ಸಿತ್ ಆ ದಿನಗಳಲ್ಲಿ ರಾಯಿಟರ್ಸ್ ವರದಿಗಾರನಾಗಿ ಪ್ಯಾರಿಸಿನಲ್ಲೇ ಇದ್ದವನು. ಅಲ್ಲಿಂದ ಮುಂದೆ ಕಟ್ಟುಕಥೆ. ಸಂಘಟನೆಯ ಮೂವರು ಮುಖಂಡರು ಹೆಸರಿಲ್ಲದ ಒಬ್ಬ ಬಾಡಿಗೆ ಕೊಲೆಗಾರನನ್ನು ಗೊತ್ತುಮಾಡುತ್ತಾರೆ. ಅವನ ಗುಪ್ತನಾಮ ಜ್ಯಾಕಲ್. ನಮ್ಮ ಶೆಟ್ರ ಬಾಯಲ್ಲಿ ಅವನು ಮೊದಲಿನಿಂದ ಕೊನೆಯವರೆಗೂ 'ನರಿ'.

ದ ಗಾಲ್ ಸತ್ತದ್ದು 1970ರ ನವೆಂಬರಿನಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ತನ್ನ ಹಳ್ಳಿಯ ಮನೆಯಲ್ಲಿ. ಅಂದರೆ ನರಿಯ ಗುಂಡು ತಾಗುವುದಿಲ್ಲ ಎಂದು ಪುಸ್ತಕ ತೆರೆಯುವ ಮೊದಲೇ ಓದುಗನಿಗೆ ಗೊತ್ತು. ಇದೇ ಕಾರಣ ಹೇಳಿ ಮೊದಮೊದಲು ಪ್ರಕಾಶಕರು ಹಸ್ತಪ್ರತಿಯನ್ನು ವಾಪಸು ಕಳಿಸಿದ್ದರಂತೆ. ರಾಯರು ಇದನ್ನು ಹೇಳಿ, "ಗೊತ್ತಿದ್ದೂ ರಾತ್ರಿ ಎರಡರ ತನಕಾ ಯಾಕ ಕೂತ್ವಿ, ಹೇಳ್ರಿ ನೋಡೋಣು" ಎಂದು ಪ್ರಶ್ನೆ ಎಸೆದರು.

ಶೆಟ್ರಿಗೆ ಅದೊಂದು ಪ್ರಶ್ನೆಯೇ ಅಲ್ಲ. "ಗದಾಯುದ್ಧ ಪ್ರಸಂಗದಲ್ಲಿ ಕೌರವನ ತೊಡೆ ಮುರೀತದೆ ಅಂತ ಗೊತ್ತಿಲ್ಲದವ ಯಾವನಾದ್ರೂ ಆಟಕ್ಕೆ ಬರ್ತಾನಾ? ಬೆಳಗಿನ ತನಕ ಕೂತ್ಕೊಳ್ಳುದಿಲ್ವಾ? ಅವ ಕೊಳದಿಂದ ಹೇಗೆ ಮೇಲೆ ಬರ್ತಾನೆ, ಎಂತ ಅರ್ಥ ಹೇಳ್ತಾನೆ, ಅದು ನೋಡುದು."

ಮುಂದೆ ಯಾರೂ ಆ ವಿಷಯ ಎತ್ತಲಿಲ್ಲ. ಬೇಕೂ ಇರಲಿಲ್ಲ.

ನನ್ನನ್ನು ಹಿಡಿದದ್ದು ಬೇರೆಯದು. ಆ ದಿನ ಒಬ್ಬೊಬ್ಬರ ಅಭಿಪ್ರಾಯ ಕೇಳುತ್ತಾ ಹೋದಂತೆ, ಎಲ್ಲರೂ ತಮಗೆ ಗೊತ್ತಿಲ್ಲದ ಪುಟಗಳನ್ನು ಕಣ್ಣುಮುಚ್ಚಿ ನಂಬಿದ್ದಾರೆ, ತಮ್ಮ ಕಸುಬು ಬಂದ ಪುಟದಲ್ಲಿ ಮಾತ್ರ ಕಾಲೂರಿ ನಿಂತಿದ್ದಾರೆ. ಶೆಟ್ರು ಬಂದೂಕನ್ನು ನಂಬಿದರು, ಪಾಸ್‌ಪೋರ್ಟನ್ನು ನಂಬಿದರು, ಊರುಗೋಲಿನೊಳಗೆ ನಳಿಗೆ ಅಡಗಿಸಿದ್ದನ್ನೂ ನಂಬಿದರು. ಅವರ ತಕರಾರು ಚಹಾದ ಟ್ರೇಯ ಬಗ್ಗೆ. ಮೂರು ಜನ ಗಂಡಸರು ಕೋಣೆ ಬಿಟ್ಟು ಕೆಳಗಿಳಿಯುವುದಿಲ್ಲ ಎಂದರೆ ಅವರ ವಿಷಯ ಮೊದಲು ಗೊತ್ತಾಗುವುದು ಅಡುಗೆ ಭಟ್ಟರಿಗೆ, ಆಮೇಲೆ ಮಾಣಿಗೆ, ಕೊನೆಗೆ ಪೊಲೀಸರಿಗೆ. "ಯಾವ ಟೇಬಲಿನವ ಸಾಲದಲ್ಲಿದ್ದಾನೆ, ಯಾವನಿಗೆ ಹೆಂಡತಿ ಹತ್ರ ಜಗಳ ಆಗಿದೆ ಅಂತ ನಮ್ಗೆ ಅವ ಆರ್ಡರ್ ಕೊಡುವಾಗ್ಲೇ ಗೊತ್ತಾಗ್ತಿತ್ತು. ನಮ್ಮೆದುರು ಎಲ್ಲ ಮಾತಾಡ್ತಿದ್ರು ಅಕ್ಕ. ನಾವು ಉಂಟು ಅಂತ್ಲೇ ಅವ್ರಿಗೆ ಗೊತ್ತಿರ್ಲಿಲ್ಲ."

ಆದರೆ ಅದೇ ಶೆಟ್ರು ಪುಸ್ತಕವನ್ನು ಮೆಚ್ಚಿಕೊಂಡದ್ದೂ ಹೋಟೆಲಿನ ಕಾರಣಕ್ಕೇ. ಫ್ರಾನ್ಸಿನ ಹೋಟೆಲುಗಳಲ್ಲಿ ಬಂದವರೆಲ್ಲ ತುಂಬಿದ ಕಾರ್ಡುಗಳನ್ನು ಪೊಲೀಸರು ಒಟ್ಟುಮಾಡುತ್ತಾರೆ. ಲೆಬೆಲ್ ಎಂಬ ಕುಳ್ಳ ಪತ್ತೇದಾರ ನರಿಯ ಜಾಡು ಹಿಡಿಯುವುದು ಆ ಕಾರ್ಡುಗಳ ರಾಶಿಯಿಂದ. ಶೆಟ್ರಿಗೆ ಇದು ಪರಮಾನಂದ. ಲಾಡ್ಜಿಂಗ್ ಇಟ್ಟವರಿಗೆ ರಿಜಿಸ್ಟರಿನ ಬೆಲೆ ಗೊತ್ತು. ವಿದೇಶಿಯರು ಬಂದರೆ 24 ತಾಸಿನೊಳಗೆ ಅವರ ವಿವರ ತುಂಬಿದ ಸಿ ಫಾರ್ಮು ಕಳಿಸಬೇಕಿತ್ತು. ರಾತ್ರಿ ಹನ್ನೊಂದಕ್ಕೆ ಹವಾಲ್ದಾರ ಬಂದು ರಿಜಿಸ್ಟರು ತಿರುವಿ, ಒಂದು ಕಟಿಂಗ್ ಚಾ ಕುಡಿದು ಹೋಗುತ್ತಿದ್ದ. "ದೊಡ್ಡ ದೊಡ್ಡ ಮಂತ್ರಿಗಳು ಸಭೆ ಮಾಡಿ ಹಿಡೀಲಿಕ್ಕೆ ಆಗ್ಲಿಲ್ಲ, ನಮ್ಮ ರಿಜಿಸ್ಟರ್ ಹಿಡೀತು" ಎಂದಾಗ ಅವರ ಮುಖ ನೋಡಬೇಕಿತ್ತು. 1963ರ ಬೇಸಿಗೆಯಲ್ಲಿ, ಪುಸ್ತಕದ ನರಿ ಯೂರೋಪಿನಲ್ಲಿ ಓಡಾಡುತ್ತಿದ್ದಾಗ, ತಾನು ಫೋರ್ಟಿನಲ್ಲಿ ಬಕೆಟಿನ ಮುಂದೆ ಕೂತಿದ್ದೆ ಎಂದು ಲೆಕ್ಕ ಹಾಕಿ ಹೇಳಿದರು.

ರಾಯರ ಕಥೆಯೂ ಅದೇ. ನರಿಯ ಕೂಲಿ ಐದು ಲಕ್ಷ ಡಾಲರ್, ಅರ್ಧ ಮುಂಗಡ, ಸ್ವಿಸ್ ಬ್ಯಾಂಕಿಗೆ. ಆ ದುಡ್ಡು ಹೊಂದಿಸಲು ಓಎಎಸ್‌ನವರು ಫ್ರಾನ್ಸಿನ ಉದ್ದಗಲಕ್ಕೂ ಬ್ಯಾಂಕು, ಚಿನ್ನದಂಗಡಿ ದೋಚುತ್ತಾರೆ. ಡಾಲರಿಗೆ ಆಗ 4 ರೂಪಾಯಿ 76 ಪೈಸೆ. 1966ರ ಜೂನಿನಲ್ಲಿ ಅಪಮೌಲ್ಯವಾಗಿ ಏಳೂವರೆ ರೂಪಾಯಿ ಆಗುವ ತನಕ ಅದೇ ದರ. ಹಾಗಾದರೆ 23 ಲಕ್ಷ 80 ಸಾವಿರ ರೂಪಾಯಿ ಎಂದು ರಾಯರು ಪೇಪರಿನ ಅಂಚಿನಲ್ಲಿ ಗುಣಿಸಿಟ್ಟುಕೊಂಡು ಬಂದಿದ್ದರು. "ಅಲ್ರೀ ಅಕ್ಕಾರ, ದರೋಡೆ ಮಾಡಿದ ನೋಟು ಫ್ರಾಂಕಿನ್ಯಾಗ ಅವ. ಅವನ್ನ ಡಾಲರ್ ಮಾಡಿದವ ಯಾರು? ಯಾವ ಕೌಂಟರಿನ್ಯಾಗ? ಅಷ್ಟು ದೊಡ್ಡ ರಕಮು ಬಂತಂದ್ರ ಮ್ಯಾನೇಜರ್ ಚೇರ್ ಬಿಟ್ಟು ಎದ್ದು ನಿಂದರ್ತಾನ್ರಿ. ಇಂವ ಒಂದ ಸಾಲಿನ್ಯಾಗ ಮುಗಿಸ್ಯಾನ!" ಮೂವತ್ತೈದು ವರ್ಷ ದಿನದ ಕೊನೆಗೆ ಲೆಕ್ಕ ತಾಳೆಯಾಗದೆ ಮನೆಗೆ ಹೋಗದವರು ಅವರು. ಕೊಲೆ ನಡೆಯುತ್ತದೋ ಇಲ್ಲವೋ ಎಂಬ ಕುತೂಹಲವನ್ನೆಲ್ಲ ಮೀರಿ ಅವರಿಗೆ ಆ ವೋಚರು ಬೇಕಿತ್ತು.

ಅಷ್ಟು ಹೊತ್ತಿಗೆ ಡೊಂಬಿವಲಿಯ ಹುಡುಗಿ ಬಂದಳು. ಚಪ್ಪಲಿ ಬಿಡುವ ಮೊದಲೇ, "ಆಂಟಿ, ನನಗೆ ಈ ಪುಸ್ತಕದ ಮೇಲೆ ಸಿಟ್ಟಿದೆ" ಅಂದಳು.

ಅವಳ ಕೆಲಸ ಕೆವೈಸಿ. ಸಾಲಕ್ಕೆ, ಖಾತೆಗೆ ಅರ್ಜಿ ಹಾಕಿದವರು ನಿಜವಾಗಿಯೂ ಅವರೇ ಹೌದೇ ಎಂದು ದಿನವಿಡೀ ಪರದೆಯ ಮೇಲೆ ಆಧಾರ್, ಪ್ಯಾನ್, ಮುಖದ ಫೋಟೋ ತಾಳೆ ನೋಡುವುದು. ನರಿ ಪಾಸ್‌ಪೋರ್ಟು ಸಂಪಾದಿಸುವ ಬಗೆ ಪುಸ್ತಕದ ಬಹಳ ಪ್ರಸಿದ್ಧ ಭಾಗ. ಹಳ್ಳಿಯ ಚರ್ಚುಗಳ ಸ್ಮಶಾನದಲ್ಲಿ ಸುತ್ತಾಡಿ, ತನ್ನ ವಯಸ್ಸಿಗೆ ಹೊಂದುವಂತೆ ಹುಟ್ಟಿ ಎರಡು ವರ್ಷ ದಾಟಿದ್ದೇ ಸತ್ತುಹೋದ ಒಂದು ಮಗುವಿನ ಗೋರಿ ಹುಡುಕುತ್ತಾನೆ. ಆ ಮಗುವಿನ ಜನನ ಪ್ರಮಾಣಪತ್ರ ತೆಗೆಸುತ್ತಾನೆ. ಅದರ ಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಾನೆ. ಹುಟ್ಟಿನ ದಾಖಲೆ ಒಂದು ಕಡೆ, ಸಾವಿನ ದಾಖಲೆ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗಿಟ್ಟು ನೋಡುವವರಿಲ್ಲ. ಈ ಒಂದು ಕಸುಬಿನ ಪುಟದ ಬಗ್ಗೆ ಮಾತ್ರ ಬಲ್ಲವರಿಂದ ತಕರಾರು ಬರಲಿಲ್ಲ. "ಅದೆಲ್ಲ ಕರೆಕ್ಟ್. ಈಗ್ಲೂ ನಡೀತದೆ, ರೂಪ ಬೇರೆ" ಎಂದಳು. ಅವಳನ್ನು ಕಾಡಿದ್ದು ಆ ಮಗುವಿನ ತಾಯಿ. ಸತ್ತ ಮಗು ಮೂವತ್ತು ವರ್ಷದ ಮೇಲೆ ಕೊಲೆಗಾರನಾಗಿ ಓಡಾಡುತ್ತಿದೆ, ಅವಳಿಗೆ ಯಾರಾದರೂ ಹೇಳಿದರಾ?

ಸಿಟ್ಟು ಬೇರೆಯದಕ್ಕೆ. "ಇದರಲ್ಲಿ ಹೆಂಗಸರು ಏನಕ್ಕಿದ್ದಾರೆ ಆಂಟಿ? ಒಬ್ಬಳು ಗುಟ್ಟು ತೆಗೆಯೋದಕ್ಕೆ ಕರ್ನಲ್ ಜೊತೆ ಮಲಗ್ತಾಳೆ. ಇನ್ನೊಬ್ಬಳು, ಆ ಬ್ಯಾರನೆಸ್, ನರಿ ಜೊತೆ ಮಲಗ್ತಾಳೆ, ಅವನ ಬಂದೂಕು ನೋಡ್ತಾಳೆ, ಸಾಯ್ತಾಳೆ. ಇಷ್ಟೇ ಕೆಲಸ?" ರಾಯರು ಕಾಲದ ಮಾತು ಎತ್ತಿದರು, ಆ ಕಾಲದ ಪುಸ್ತಕ, ಹಾಗೇ ಇರುತ್ತದೆ ಎಂದರು. "ಕಾಲ ಅಲ್ಲ ಅಂಕಲ್. ಬಂದೂಕು ಮಾಡುವವನ ಅಂಗಡಿಗೆ ಅಷ್ಟು ಪುಟ ಕೊಟ್ಟಿದ್ದಾನಲ್ಲ, ಅವನಿಗೆ ಟೈಮ್ ಇತ್ತು." ನನಗೆ ಈ ಮಾತು ಸರಿ ಎನಿಸಿತು, ಈಗಲೂ ಅನಿಸುತ್ತದೆ. ಮೆಚ್ಚಿಕೊಂಡ ಪುಸ್ತಕವನ್ನು ಕಾಪಾಡಲು ನಾವು ಕಾಲದ ಕೊಡೆ ಬಿಚ್ಚುತ್ತೇವೆ. ಆ ಕೊಡೆಯ ಕೆಳಗೆ ಬ್ಯಾರನೆಸ್‌ಗೆ ಜಾಗ ಸಿಗುವುದಿಲ್ಲ.

ಮಾಸ್ತರರು ಅಲ್ಲಿಯವರೆಗೆ ಸುಮ್ಮನಿದ್ದರು. ಅವರು ಸುಮ್ಮನಿದ್ದಾರೆಂದರೆ ಏನೋ ತಯಾರಿ ಮಾಡಿಕೊಂಡು ಬಂದಿದ್ದಾರೆ ಎಂದೇ ಅರ್ಥ. ಕನ್ನಡದಲ್ಲಿ ರಾಜಕೀಯ ಥ್ರಿಲ್ಲರ್ ಇಲ್ಲ ಎಂದು ಹೋದ ತಿಂಗಳು ನಾನು ಬಾಯಿಜಾರಿ ಹೇಳಿದ್ದೆ, ಅದಕ್ಕೆ ಬಡ್ಡಿ ಸಮೇತ ಉತ್ತರ ಬಂತು. ಕೆಂಪುನಾರಾಯಣನ 'ಮುದ್ರಾಮಂಜೂಷ', 1823. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ವಿಶಾಖದತ್ತನ ನಾಟಕದ ಕಥೆಯನ್ನು ಹಿಡಿದು ಬರೆದ ಗದ್ಯ: ನಂದರು, ಚಾಣಕ್ಯ, ಅಮಾತ್ಯ ರಾಕ್ಷಸ, ಬೇಹುಗಾರರು, ಕೈತಪ್ಪಿಹೋದ ಒಂದು ಮುದ್ರೆಯುಂಗುರ, ಆ ಮುದ್ರೆ ಒತ್ತಿದ ಕಳ್ಳಪತ್ರ. ಹೊಸಗನ್ನಡ ಗದ್ಯ ಇನ್ನೂ ಅಂಬೆಗಾಲಿಡುತ್ತಿದ್ದಾಗ ಅದು ಹಿಡಿದುಕೊಂಡ ವಸ್ತುವೇ ಒಂದು ಸಂಚು! ಮಾಸ್ತರರು ಹೇಳಿದ ಧಾಟಿಗೆ ರಾಯರು ಚಪ್ಪಾಳೆ ತಟ್ಟಿದರು. ಕಳ್ಳಪತ್ರ, ಕಳ್ಳ ಪಾಸ್‌ಪೋರ್ಟು ಒಂದೇ ಜಾತಿ ಎಂದು ಹುಡುಗಿ ಗೊಣಗಿದಳು.

ಆಮೇಲೆ ಮುಂಬಯಿಗೆ ಬಂದರು. ಇಲ್ಲೇ ಬಾಂದ್ರಾದಲ್ಲಿದ್ದು ಬರೆದ ಯಶವಂತ ಚಿತ್ತಾಲರ 'ಶಿಕಾರಿ' 1979ರದು. ಅದರ ನಾಗಪ್ಪನನ್ನು ಬೇಟೆಯಾಡುವುದು ಸರಕಾರವಲ್ಲ, ಅವನು ದುಡಿಯುವ ಕಂಪನಿ. ಅಲ್ಲಿ ಬೇಟೆಗಾರ ಯಾರೆಂದು ಬೇಟೆಗೂ ಸರಿಯಾಗಿ ಗೊತ್ತಾಗುವುದಿಲ್ಲ, ಓದುಗನಿಗೂ ಗೊತ್ತಾಗುವುದಿಲ್ಲ. ನರಿಗೆ ಮೀಸಲಾದ ಊರುಗೋಲಿನ ಬಂದೂಕಿಗಿಂತ ನಾಗಪ್ಪನಿಗೆ ಬಂದ ಆಫೀಸಿನ ಕಾಗದಕ್ಕೆ ತಾನು ಹೆಚ್ಚು ಹೆದರಿದೆ ಎಂದರು ಮಾಸ್ತರರು. ವ್ಯಾಸರಾಯ ಬಲ್ಲಾಳರ 'ಬಂಡಾಯ' ಇದೆ, ಕಾರ್ಮಿಕ ಸಂಘಟನೆಯ ಒಳರಾಜಕೀಯ, 1986ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಮರಾಠಿಗೆ ಹೋದರೆ ಅರುಣ್ ಸಾಧು ಅವರ 'ಸಿಂಹಾಸನ'. ಮುಖ್ಯಮಂತ್ರಿಯ ಕುರ್ಚಿಯ ಸುತ್ತ ಹೆಣೆದ ಕಾದಂಬರಿ. ಜಬ್ಬಾರ್ ಪಟೇಲ್ 1979ರಲ್ಲಿ ಅದನ್ನು ಸಿನಿಮಾ ಮಾಡಿದಾಗ ಪತ್ರಕರ್ತ ದಿಗು ಆಗಿ ನಿಳೂ ಫುಲೆ ನಟಿಸಿದರು. "ಮಂತ್ರಿಗಳು ಕೂಡೋ ಮಂತ್ರಾಲಯ ಇಲ್ಲಿಂದ ಅರ್ಧ ತಾಸಿನ ಹಾದಿ. ಅದನ್ನ ಬಿಟ್ಟು ನಾವು ಪ್ಯಾರಿಸಿನ ಓಣಿ ಸುತ್ತಾಕತ್ತೇವಿ" ಎಂದು ಮುಗಿಸಿದರು.

ಶೆಟ್ರು ಮಾತ್ರ ಒಪ್ಪಲಿಲ್ಲ. ದೂರದ ಊರಿನ ಸಂಚೇ ಓದಲು ಚಂದ, ಹತ್ತಿರದ್ದು ಓದಿದರೆ ನಿದ್ದೆ ಬರುವುದಿಲ್ಲ ಎಂದರು. ಹತ್ತಿರದ್ದಕ್ಕೆ ಅವರು ಕೊಟ್ಟ ಉದಾಹರಣೆ ಜಾರ್ಜ್ ಫರ್ನಾಂಡಿಸ್. ಮಂಗಳೂರಿಂದ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ ಹುಡುಗ, 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದ ದಿನ ಗಲ್ಲೆಯಲ್ಲಿದ್ದ ಯಜಮಾನರು ಎಲ್ಲರಿಗೂ ಶೀರಾ ಹಂಚಿಸಿದ್ದರಂತೆ. ತುರ್ತುಪರಿಸ್ಥಿತಿಯಲ್ಲಿ ಅದೇ ಜಾರ್ಜ್ ತಲೆಮರೆಸಿಕೊಂಡಾಗ, ಬರೋಡಾ ಡೈನಮೈಟ್ ಕೇಸಿನಲ್ಲಿ ಬೇಡಿ ಹಾಕಿಸಿಕೊಂಡಾಗ, ಹೋಟೆಲಿನಲ್ಲಿ ಅವರ ಹೆಸರೆತ್ತಲು ಹೆದರಿಕೆ. "ಆಗ ನಾವೆಲ್ಲ ಪಾತ್ರಧಾರಿಗಳು ಅಲ್ವಾ? ಬೆವರುದು ನಾವು. ಇದು ಹಾಗಲ್ಲ, ಇದ್ರಲ್ಲಿ ಬೆವರುದು ನರಿ."

ಇನ್ನು ನನ್ನ ಪುಟ.

ನರಿಯನ್ನು ಹಿಡಿಯಲು ಮಂತ್ರಿಯ ಅಧ್ಯಕ್ಷತೆಯಲ್ಲಿ ದಿನಾ ರಾತ್ರಿ ಗುಪ್ತಸಭೆ ನಡೆಯುತ್ತದೆ. ಸಭೆಯಲ್ಲಿ ಆಡಿದ್ದೆಲ್ಲ ನರಿಗೆ ತಲುಪುತ್ತಿದೆ. ಒಂದು ರಾತ್ರಿ ಲೆಬೆಲ್ ಟೇಪು ಹಾಕುತ್ತಾನೆ: ಹೆಂಗಸಿನ ದನಿಯೊಂದು ಫೋನಿನಲ್ಲಿ ಸಭೆಯ ಗುಟ್ಟನ್ನು ಒಪ್ಪಿಸುತ್ತಿದೆ. ಸಭೆಯಲ್ಲಿದ್ದ ಕರ್ನಲ್ ಎದ್ದು ಹೊರಗೆ ಹೋಗುತ್ತಾನೆ. ಇವನ ಫೋನೇ ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಲೆಬೆಲ್ ಹೇಳುತ್ತಾನೆ, ಗೊತ್ತಿರಲಿಲ್ಲ, ಅದಕ್ಕೇ ನಿಮ್ಮೆಲ್ಲರ ಫೋನನ್ನೂ ಕದ್ದು ಕೇಳಿಸಿದೆ.

ಓದುಗರೆಲ್ಲ ಹೊಗಳುವ ಜಾಗ ಇದು. ನಮ್ಮ ನಾಲ್ವರೂ ಹೊಗಳಿದರು. ನಾನು ಆ ಪುಟದಲ್ಲಿ ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿ ನೀರು ಕುಡಿದಿದ್ದೆ. ಎಲ್ಲರ ಫೋನು ಅಂದರೆ ಎಷ್ಟು ಲೈನು? ಒಂದು ಲೈನಿಗೆ ಮೂರು ಪಾಳಿ. ಎಕ್ಸ್‌ಚೇಂಜಿನ ಫ್ರೇಮಿನಲ್ಲಿ ತಂತಿಗೆ ತಂತಿ ಸೇರಿಸುವುದು ಟೆಕ್ನಿಶಿಯನ್ನಿಗೆ ಎರಡು ನಿಮಿಷದ ಕೆಲಸ, ಅದನ್ನು ನಂಬುತ್ತೇನೆ. ಆದರೆ ಕೇಳಿದವರು ಯಾರು? ಆ ಹೆಂಗಸಿನ ಒಂದು ನಿಮಿಷದ ಮಾತಿಗಾಗಿ ಮಂತ್ರಿಗಳ ಹೆಂಡಂದಿರು ದರ್ಜಿಯ ಜೊತೆ ಆಡಿದ ಜಗಳ, ಮಕ್ಕಳ ಜ್ವರ, ರಾಂಗ್ ನಂಬರು, ಬರೀ ಉಸಿರು, ಎಲ್ಲವನ್ನೂ ಹೆಡ್‌ಸೆಟ್ ಹಾಕಿ ಕೇಳುತ್ತಾ ಕೂತವರು ಯಾರು? ಶೆಟ್ರ ಮಾಣಿಯ ಹಾಗೆ ಅವರಿಗೂ ಆ ಪುಟದಲ್ಲಿ ಮುಖವಿಲ್ಲ. ಲೆಬೆಲ್‌ಗೆ ಚಪ್ಪಾಳೆ.

1988ರ ಆಗಸ್ಟ್ ನೆನಪಾಯಿತು. ಫೋನ್ ಕದ್ದಾಲಿಕೆಯ ಆರೋಪದ ಮೇಲೆ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ಸುದ್ದಿ ಬಂದಾಗ ನಾನು ಡ್ಯೂಟಿಯಲ್ಲಿದ್ದೆ. "ಕಾಯ್ ಗ, ತುಮಚೇ ಹೆಗಡೆ ಗೇಲೇ ಕಾ?" (ಏನೇ, ನಿಮ್ಮ ಹೆಗಡೆ ಹೋದರಾ?) ಎಂದು ಪಕ್ಕದ ಬೋರ್ಡಿನವಳು ಕೇಳಿದಳು. ಕ್ಯಾಂಟೀನಿನಲ್ಲಿ ಆ ವಾರವೆಲ್ಲ ಅದೇ ಮಾತು. ಯಾರು ಆದೇಶ ಕೊಟ್ಟರು, ಯಾರ ಸಹಿ, ದೆಹಲಿಯಲ್ಲಿ ಯಾರ ಕೈವಾಡ. ಬೊಮ್ಮಾಯಿ ಬಂದರು, ಮರುವರ್ಷ ಏಪ್ರಿಲಿನಲ್ಲಿ ಅವರ ಸರಕಾರವೂ ವಜಾ ಆಯಿತು, ಆ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ತೀರ್ಪಾಯಿತು. ಯಾವ ಕಾದಂಬರಿಕಾರನಿಗೂ ಇಷ್ಟು ತಿರುವು ಹೊಳೆಯಲಿಕ್ಕಿಲ್ಲ. ರಾಯರು ಇಲ್ಲಿ ಕಾನೂನು ಸೇರಿಸಿದರು: 1885ರ ಟೆಲಿಗ್ರಾಫ್ ಕಾಯಿದೆ, ಐದನೆಯ ಸೆಕ್ಷನ್ನಿನ ಎರಡನೆಯ ಉಪವಿಭಾಗ, ಗೃಹ ಕಾರ್ಯದರ್ಶಿಯ ಆದೇಶವಿಲ್ಲದೆ ಕೇಳಿಸಿಕೊಳ್ಳುವಂತಿಲ್ಲ, ಆ ಆದೇಶವನ್ನು ಸಮಿತಿ ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರ ಡಿಸೆಂಬರಿನಲ್ಲಿ. ನನಗೆ ಬಾಯಿಪಾಠ ಇದ್ದದ್ದು ಅದೇ ಕಾಯಿದೆಯ 26ನೆಯ ಸೆಕ್ಷನ್. ಕೇಳಿಸಿಕೊಂಡದ್ದನ್ನು ಹೊರಗೆ ಹೇಳಿದ ನೌಕರರಿಗೆ ಮೂರು ವರ್ಷದವರೆಗೆ ಜೈಲು.

"ಹಾಗಾದ್ರೆ ನೀವು ಕೇಳಿಸ್ಕೋತಿದ್ರಾ ಆಂಟಿ?" ಹುಡುಗಿ ಕಣ್ಣರಳಿಸಿದಳು.

ಕೇಳಿಸಿಕೊಳ್ಳದೆ ಹೇಗೆ? ಲೈನು ಸಿಕ್ಕಿತೋ, ದನಿ ಕೇಳುತ್ತಿದೆಯೋ ನೋಡಬೇಕಿತ್ತು. ಮೂರು ನಿಮಿಷವಾದ ಕೂಡಲೇ ಮಧ್ಯೆ ಬಾಯಿಹಾಕಿ, "ತ್ರೀ ಮಿನಿಟ್ಸ್ ಓವರ್, ಎಕ್ಸ್‌ಟೆಂಡ್?" ಎಂದು ಕೇಳಬೇಕಿತ್ತು. ಕಾಲಿನಲ್ಲಿ ಅವಸರಕ್ಕೆ ತಕ್ಕ ಬಗೆಗಳು: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಊರಿಗೆ ಪಿಪಿ ಕಾಲ್ ಹಾಕಿದರೆ ಪೋಸ್ಟಾಫೀಸಿನವರು ಆ ವ್ಯಕ್ತಿಯನ್ನೇ ಗದ್ದೆಯಿಂದ ಕರೆಸಬೇಕು. ಮಂಗಳೂರಿನ ಆಪರೇಟರಿಗೆ ಕನ್ನಡದಲ್ಲಿ "ಒಂದು ಲೈನು ಕೊಡಿ ಮಾರಾಯ್ತಿ" ಎಂದು ಗೋಗರೆದು ಎಷ್ಟು ಸಲ ಸಾಲು ತಪ್ಪಿಸಿದ್ದೇನೋ. ಹಾಗೆ ಕೇಳಿದ್ದರಲ್ಲಿ ಸಂಚು ಒಂದೂ ಇರಲಿಲ್ಲ. ಮನಿಯಾರ್ಡರು ಬಂತಾ? ಅಡಿಕೆಗೆ ಏನು ರೇಟು? ಅಮ್ಮನಿಗೆ ಕೊಡು. ಅಮ್ಮ ಬಂದಳು, ಆದರೆ ಅಮ್ಮನಿಗೆ ಫೋನಿನಲ್ಲಿ ಮಾತಾಡಲು ಬರುವುದಿಲ್ಲ; "ಹ್ಞಾಂ, ಹ್ಞಾಂ" ಅನ್ನುವುದರಲ್ಲಿ ಮೂರು ನಿಮಿಷ.

ಒಂದನ್ನು ಮಾತ್ರ ಹೇಳಿದೆ. 1978ರ ಮಳೆಗಾಲದ ರಾತ್ರಿಪಾಳಿ. ಫೋರ್ಟಿನ ಹೋಟೆಲೊಂದರಿಂದ ಕುಂದಾಪುರ ಕಡೆಗೆ ಕಾಲ್. ಅಪ್ಪ ಹೋದ ಸುದ್ದಿ ಆ ಕಡೆಯವರು ಹೇಳಿದರು. ಈ ಕಡೆ ಹುಡುಗ, ದನಿ ಒಡೆಯುವ ವಯಸ್ಸು, ಒಂದು ಮಾತೂ ಆಡಲಿಲ್ಲ. ಅಳು ಮಾತ್ರ. ಆ ಕಡೆಯವರೂ ಫೋನು ಇಡಲಿಲ್ಲ. ಮೂರು ನಿಮಿಷವಾಯಿತು, ನಾನು ಬಾಯಿಹಾಕಲಿಲ್ಲ. ಆರಾಯಿತು, ಒಂಬತ್ತಾಯಿತು. ಕಾಲಿನ ಲೆಕ್ಕ ಬರೆಯುವ ಟಿಕೆಟಿನ ಮೇಲೆ ಮೂರು ನಿಮಿಷ ಎಂದು ಬರೆದೆ.

ಸ್ವಲ್ಪ ಹೊತ್ತು ಫ್ಯಾನಿನ ಸದ್ದು.

"ಅಕ್ಕಾರ," ರಾಯರು ಕನ್ನಡಕ ತೆಗೆದು ಒರೆಸುತ್ತಾ ಅಂದರು, "ತಪ್ಪು ತಿಳಕೋಬ್ಯಾಡ್ರಿ. ಅದು ಫ್ರಾಡ್ ಆಗ್ತದ."

"ಆಗ್ತದೆ ರಾಯರೇ" ಅಂದೆ.

"ಯಾವ ಹೋಟೆಲ್ ಅಕ್ಕ?" ಶೆಟ್ರು ಮುಂದೆ ಬಗ್ಗಿದರು.

"ಸೆಕ್ಷನ್ 26" ಅಂದೆ. ಹುಡುಗಿ ನಕ್ಕಳು, ಶೆಟ್ರು ನಗಲಿಲ್ಲ. ಫೋರ್ಟಿನ ಹೋಟೆಲುಗಳನ್ನು ಅವರು ಒಂದೊಂದಾಗಿ ಮನಸ್ಸಿನಲ್ಲೇ ಎಣಿಸುತ್ತಿದ್ದರು, ಬೆರಳು ಆಡುತ್ತಿತ್ತು.

ಕೊನೆಯ ಪುಟಗಳ ಬಗ್ಗೆ ಹೆಚ್ಚು ಮಾತಾಗಲಿಲ್ಲ. 1963ರ ಆಗಸ್ಟ್ 25, ಪ್ಯಾರಿಸಿನ ವಿಮೋಚನೆಯ ದಿನ. ಒಂಟಿಕಾಲಿನ ಮಾಜಿ ಸೈನಿಕನ ವೇಷದಲ್ಲಿ ನರಿ ಗುರಿ ಹಿಡಿಯುತ್ತಾನೆ. ದ ಗಾಲ್ ಪದಕ ತೊಡಿಸಿದ ಸೈನಿಕನ ಕೆನ್ನೆಗೆ ಮುತ್ತಿಡಲು ಬಗ್ಗುತ್ತಾನೆ. ಗುಂಡು ತಲೆಯ ಹಿಂದಿನಿಂದ ಹಾದುಹೋಗುತ್ತದೆ. ಒಬ್ಬ ಇಂಗ್ಲಿಷಿನವನಿಗೆ ಈ ಮುತ್ತಿನ ಪದ್ಧತಿ ಅಂದಾಜಿಗೆ ಬರಲಿಲ್ಲ ಎಂಬ ಲೇಖಕನ ಚಮತ್ಕಾರ ಎಲ್ಲರಿಗೂ ಹಿಡಿಸಿತು. ನನಗೆ ತೀರ ಅಚ್ಚುಕಟ್ಟೆನಿಸಿತು, ಹೇಳಲಿಲ್ಲ. ನನ್ನ ಒಂಬತ್ತು ನಿಮಿಷದ ಮೇಲೆ ಅಚ್ಚುಕಟ್ಟಿನ ಮಾತಾಡಲು ಮುಖ ಬೇಕಲ್ಲ.

ಮುಂದಿನ ತಿಂಗಳಿಗೆ ಯಾವುದು? ಮಾಸ್ತರರು ಚೀಲದಿಂದ 'ಸಿಂಹಾಸನ'ದ ಎರಡು ಪ್ರತಿ ತೆಗೆದು ಟೀಪಾಯಿಯ ಮೇಲಿಟ್ಟರು. ಮರಾಠಿ. ಹುಡುಗಿಗೆ ಕನ್ನಡಕ್ಕಿಂತ ಅದೇ ಸುಲಭ, ಅವಳು ಕೂಡಲೇ ಒಂದನ್ನು ಎತ್ತಿಕೊಂಡಳು. ರಾಯರು ಮರಾಠಿ ಪೇಪರು ಓದುತ್ತಾರೆ, ಕಾದಂಬರಿ ಓದಿಲ್ಲ, ಪ್ರಯತ್ನ ಮಾಡುತ್ತಾರಂತೆ. ನಾಲ್ಕು ಗಂಟೆಯ ಸ್ಲೋ ಗಾಡಿ ತಪ್ಪುತ್ತದೆಂದು ಹುಡುಗಿ ಎದ್ದಳು. ಶೆಟ್ರು ಉಳಿದ ಪ್ರತಿಯನ್ನು ಕೈಗೆತ್ತಿಕೊಂಡು ತೂಕ ನೋಡಿದರು, ಹಿಂದಿನ ಹೊದಿಕೆ ನೋಡಿದರು, ಮಾಸ್ತರರ ಮುಖ ನೋಡಿದರು.

"ಓದುವ. ಆದ್ರೆ ಮಾಸ್ತರ್ರೆ, ಇದ್ರಲ್ಲಿ ಹೋಟೆಲ್ ಉಂಟಾ?"